ಶಂಕಗಾವುಂಡ ಬರೆಸಿದ ಕಲ್ಲು ಎಲ್ಲಿದೆ?

ನಮ್ಮ ತಲೆಮಾರಿಗೆ ಇತಿಹಾಸದಲ್ಲಿ ಆಸಕ್ತಿ ಇಲ್ಲ ಎಂಬ ಗೊಣಗಾಟವನ್ನು ನಾನಂತೂ ಒಪ್ಪುವುದಿಲ್ಲ. ಆಸಕ್ತಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಬೆಂಗಳೂರಿನ ನಮ್ಮ ಆಫೀಸಿನ ಕ್ಯಾಂಟೀನಿಗೆ ಮಧ್ಯಾಹ್ನ ಒಂದು ಗಂಟೆಗೆ ಬಂದು ನೋಡಿ. ಟಿಪ್ಪು, ಶಿವಾಜಿ, ಔರಂಗಜೇಬ ಮೂವರೂ ನಮ್ಮ ಟೇಬಲ್ಲಿಗೇ ಬಂದು ಕೂತಿರುತ್ತಾರೆ. ಯಾವುದಾದರೂ ಐತಿಹಾಸಿಕ ಸಿನಿಮಾ ಬಿಡುಗಡೆಯಾದ ವಾರವಂತೂ ಕೇಳಲೇಬೇಡಿ, ಇಡೀ ಟೀಮಿಗೆ ಆ ಶತಮಾನದಲ್ಲಿ ಪಿಎಚ್‌ಡಿ. ನನಗೆ ಸೋಜಿಗ ಅನ್ನಿಸುವುದು ಬೇರೆಯದು. ಸೋಮವಾರದ ಮೀಟಿಂಗಿನಲ್ಲಿ ಒಂದು ಗ್ರಾಫ್ ತೋರಿಸಿದರೆ ‘ಡೇಟಾ ಎಲ್ಲಿಂದ ಬಂತು, ಯಾವ ತಿಂಗಳದ್ದು, ಯಾರು ಕ್ಲೀನ್ ಮಾಡಿದ್ದು’ ಅಂತ ಜೀವ ತಿನ್ನುವ ಇದೇ ಮಂದಿ, ನಲವತ್ತು ಸೆಕೆಂಡಿನ ಒಂದು ರೀಲನ್ನು ಯಾವ ಪ್ರಶ್ನೆಯನ್ನೂ ಕೇಳದೆ ಫ್ಯಾಮಿಲಿ ಗ್ರೂಪಿಗೆ ದಾಟಿಸುತ್ತಾರೆ. ಗ್ರಾಫಿಗೆ ಪ್ರಶ್ನೆ ಕೇಳುವುದನ್ನು ಅವರಿಗೆ ಕೆಲಸ ಕಲಿಸಿದೆ. ಅದೇ ಪ್ರಶ್ನೆಯನ್ನು ಇತಿಹಾಸಕ್ಕೂ ಕೇಳಬೇಕು ಅಂತ ಕಲಿಸಬೇಕಾಗಿದ್ದವರು ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು. ಆ ಮೇಷ್ಟ್ರಿಗೆ ನಾವು ಆ ಕೆಲಸ ಮಾಡಲು ಬಿಡಲಿಲ್ಲ ಎನ್ನುವುದು ನನ್ನ ತಕರಾರು.

ಗಾಳಿಯಲ್ಲಿ ಮಾತಾಡುವುದು ಬೇಡ, ನನ್ನ ಜಿಲ್ಲೆಯನ್ನೇ ತಗೊಳ್ಳುತ್ತೇನೆ. 1997ರವರೆಗೆ ಧಾರವಾಡದ ಹೊಟ್ಟೆಯೊಳಗಿದ್ದು ಆಮೇಲೆ ಬೇರೆಯಾದ ಹಾವೇರಿ. ಬೆಂಗಳೂರಿನಿಂದ ಸ್ಲೀಪರ್ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗುವವರು ಬೆಳಗಿನ ಜಾವದ ನಿದ್ದೆಯಲ್ಲಿ ದಾಟುವ ಜಿಲ್ಲೆ. ಅದರಲ್ಲೂ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂದರೆ ಕೇಳುವವರಿಗೆ ಏನೂ ಹೊಳೆಯುವುದಿಲ್ಲ. ಹಾನಗಲ್ಲ ಅಂದರೆ ಗಂಗೂಬಾಯಿಯವರ ಅಡ್ಡಹೆಸರು, ಸವಣೂರು ಅಂದರೆ ಖಾರ ಮತ್ತು ಎಲೆ, ಶಿಗ್ಗಾಂವಿ ಅಂದರೆ ಚುನಾವಣೆಯ ಸುದ್ದಿ. ಹಿರೇಕೆರೂರು ಎಲ್ಲಿದೆ ಅಂತ ಗೂಗಲ್ ಮ್ಯಾಪ್ ತೆಗೆಯುತ್ತಾರೆ. ನಾನು ಕಲಿತದ್ದು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಈ ನಾಲ್ಕು ತಾಲೂಕುಗಳಷ್ಟು ಚೆನ್ನಾದ ಇತಿಹಾಸದ ಪ್ರಯೋಗಶಾಲೆ ಕರ್ನಾಟಕದಲ್ಲಿ ಹೆಚ್ಚಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ಊರಿನ ಅಭಿಮಾನವೂ ಸೇರಿದೆ, ಅದನ್ನು ಕಳೆದು ಓದಿಕೊಳ್ಳಿ.

ಹೋದ ಸಲ ಊರಿಗೆ ಹೋದಾಗ ಅಕ್ಕನ ಮಗಳ ಹತ್ತನೇ ತರಗತಿಯ ಪುಸ್ತಕ ತಿರುವಿ ಹಾಕಿದೆ. ಸಮಾಜ ವಿಜ್ಞಾನ ಎಂಬ ಒಂದೇ ಹೊದಿಕೆಯೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಕಾಲು ಮಡಚಿ ಕೂತಿವೆ. ಇತಿಹಾಸದ ಪಾಠ ಶುರುವಾಗುವುದು ಯುರೋಪಿಯನ್ನರ ಆಗಮನದಿಂದ. ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳನ್ನು ಪಟ್ಟಿ ಮಾಡಿ, ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿಯನ್ನು ವಿವರಿಸಿ. ಪುಸ್ತಕ ಕೆಟ್ಟದ್ದೇನಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಾಲದ್ದಕ್ಕಿಂತ ಚೆಂದ ಇದೆ. ಆದರೆ ಜನವರಿ ಬಂತೆಂದರೆ ಆ ಪುಸ್ತಕವೂ ಬದಿಗೆ ಸರಿಯುತ್ತದೆ. ಪಾಸಿಂಗ್ ಪ್ಯಾಕೇಜ್ ಎಂಬ ಝೆರಾಕ್ಸ್ ಕಟ್ಟು ಬರುತ್ತದೆ. ಅದರಲ್ಲಿ ಪ್ರಶ್ನೆಯ ಕೆಳಗೆ ಉತ್ತರ, ಉತ್ತರದ ಕೆಳಗೆ ಗೆರೆ. ನನ್ನ ಸೊಸೆಯಾಗಬೇಕಾದ ಆ ಹುಡುಗಿ ಕಣ್ಣು ಮುಚ್ಚಿ ಐದು ನಿಬಂಧನೆ ಒಪ್ಪಿಸಿದಳು. ‘ನಿಮ್ಮ ತಾಲೂಕಿನ ಪಕ್ಕದಾಗ ಸವಣೂರ ನವಾಬ ಇದ್ನಲ್ಲ, ಅವಂದೇನಾತು?’ ಅಂದೆ. ‘ಮಾಮಾ, ಅದು ಪೋರ್ಷನ್‌ಗೆ ಇಲ್ಲ’ ಅಂದಳು.

ಪೋರ್ಷನ್‌ಗೆ ಇಲ್ಲದ ಆ ನವಾಬನನ್ನು ನಮಗೆ ಕಲಿಸಿದವರು ನಮ್ಮ ಸರ್. ಅವರ ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ಒಂದು ದಿನ ಬೋರ್ಡಿನ ನಡುವೆ ಉದ್ದಕ್ಕೆ ಗೆರೆ ಎಳೆದು ಮೇಲೆ 1756 ಅಂತ ಬರೆದರು. ಸವಣೂರಿನ ಮುತ್ತಿಗೆ. ‘ಯಾರ್ಯಾರು ಯಾವ ಕಡೆ ಇದ್ರು, ನೀವ ಹೇಳ್ರಿ ನೋಡೂಣು’ ಅಂದರು. ಐದು ಹೆಸರು ಕೊಟ್ಟರು: ಪೇಶ್ವೆ ಬಾಲಾಜಿ ಬಾಜೀರಾವ್, ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನ್, ಹೈದರಾಬಾದಿನ ನಿಜಾಮ ಸಲಾಬತ್ ಜಂಗ್, ಗುತ್ತಿಯ ಮುರಾರಿರಾವ್ ಘೋರ್ಪಡೆ, ಫ್ರೆಂಚ್ ಸೇನಾನಿ ಬುಸ್ಸಿ. ಹಿಂದಿನ ಬೆಂಚಿನವರಿಗೂ ಇದು ಸುಲಭದ ಲೆಕ್ಕ ಅನ್ನಿಸಿತು. ಹೆಸರು ನೋಡಿ ಹಂಚಿದೆವು. ಪೇಶ್ವೆ, ಮುರಾರಿರಾವ್ ಒಂದು ಕಡೆ. ನವಾಬ, ನಿಜಾಮ ಇನ್ನೊಂದು ಕಡೆ. ಬುಸ್ಸಿಯನ್ನು ಎಲ್ಲಿ ಇಡುವುದು ಅಂತ ಗಲಾಟೆ.

ಸರ್ ಡಸ್ಟರ್ ತಗೊಂಡು ನಿಧಾನಕ್ಕೆ ತಿದ್ದಿದರು. ಪೇಶ್ವೆಯ ಜೊತೆ ನಿಂತವನು ನಿಜಾಮ, ನಿಜಾಮನ ಫೌಜಿನಲ್ಲಿ ಬುಸ್ಸಿ ಮತ್ತವನ ತೋಪು. ನವಾಬನ ಪರವಾಗಿ ಕೋಟೆಯೊಳಗಿದ್ದವನು ಮರಾಠಾ ಸರದಾರ ಮುರಾರಿರಾವ್. ಜಗಳಕ್ಕೆ ಕಾರಣಗಳಲ್ಲಿ ಒಂದು, ಪೇಶ್ವೆಯ ಕೆಲಸ ಬಿಟ್ಟು ಬಂದ ಮುಜಫರ್ ಖಾನ್ ಎಂಬ ತೋಪಖಾನೆಯ ಸರದಾರನಿಗೆ ನವಾಬ ಆಸರೆ ಕೊಟ್ಟದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಂಪನಿ ಬಿಟ್ಟ ಸೀನಿಯರ್ ಒಬ್ಬನನ್ನು ಎದುರಾಳಿ ಕಂಪನಿ ಕರಕೊಂಡದ್ದಕ್ಕೆ ಆದ ರಂಪ. ಕೊನೆಗೆ ನವಾಬ ಸೀಮೆ ಬಿಟ್ಟುಕೊಟ್ಟು ಒಪ್ಪಂದಕ್ಕೆ ಬಂದ.

ಕತೆ ಅಲ್ಲಿಗೇ ಮುಗಿಯಲಿಲ್ಲ. 1779ರಲ್ಲಿ ಇದೇ ನವಾಬ ಹೈದರಾಲಿಯ ಬೀಗನಾದ. ಹೈದರನ ಮಗಳು ಸವಣೂರಿಗೆ ಸೊಸೆಯಾಗಿ ಬಂದಳು, ಸವಣೂರಿನ ಮಗಳು ಹೈದರನ ಮನೆಗೆ ಹೋದಳು. ಏಳು ವರ್ಷ ಕಳೆಯಿತು. 1786ರಲ್ಲಿ ಸವಣೂರಿನ ಮೇಲೆ ಬಂದವನು ಆ ಸೊಸೆಯ ಅಣ್ಣ ಟಿಪ್ಪು. ನವಾಬ ಜೀವ ಉಳಿಸಿಕೊಳ್ಳಲು ಓಡಿದ್ದು ಮರಾಠರ ಪಾಳಯಕ್ಕೆ! ಸರ್ ಸೀಮೆಸುಣ್ಣ ಕೆಳಗಿಟ್ಟು, ‘ಈಗ ಈ ಗೆರಿಗೆ ಏನಂತ ಹೆಸರ ಕೊಡ್ತೀರಿ ಕೊಡ್ರಿ’ ಅಂದರು. ಯಾರಿಗೂ ಹೆಸರು ಸಿಗಲಿಲ್ಲ.

ಎರಡು ಧರ್ಮದವರು ಅಣ್ಣತಮ್ಮಂದಿರ ಹಾಗೆ ಇದ್ದರು ಎಂಬ ಸಿಹಿ ಪಾಠ ಅದಾಗಿರಲಿಲ್ಲ. ಸವಣೂರಿನಲ್ಲಿ ಆ ಸಿಹಿ ಪಾಠಕ್ಕೂ ಸರಕು ಸಿಗುತ್ತದೆ. ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನ ಇದೇ ನವಾಬರ ಊರಿನಲ್ಲಿದೆ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದೂ ನವಾಬರ ಈ ಪುಟ್ಟ ಸಂಸ್ಥಾನದಲ್ಲೇ. ಆದರೆ ಸರ್ ಅದನ್ನು ಮುಂದೆ ಮಾಡಲಿಲ್ಲ. ಅವರು ಮಾಡಿದ್ದು, ಹೆಸರು ನೋಡಿ ಬಣ ಹಂಚುವ ನಮ್ಮ ಕೈಯನ್ನು ಒಂದು ನಿಮಿಷ ತಡೆದದ್ದು. ಇಪ್ಪತ್ತು ವರ್ಷದ ಮೇಲೂ ಯಾವುದಾದರೂ ರೀಲ್ ಡೋಲು ಬಡಿದುಕೊಂಡು ಬಂದಾಗ ನನ್ನ ಹೆಬ್ಬೆರಳು ಆ ಒಂದು ನಿಮಿಷ ನಿಲ್ಲುತ್ತದೆ. ಇತಿಹಾಸ ಓದಿದ್ದರಿಂದ ನಿಮಗೇನು ಸಿಕ್ಕಿತು ಅಂತ ಎಚ್‌ಆರ್ ಯಾರಾದರೂ ಕೇಳಿದರೆ ಇಷ್ಟನ್ನೇ ಹೇಳಬೇಕು. ಸಿವಿಯಲ್ಲಿ ಬರೆಯುವಂಥದ್ದಲ್ಲ ಬಿಡಿ.

ಹಾನಗಲ್ಲಿನ ವಿಷಯಕ್ಕೆ ಬರುತ್ತೇನೆ. ನಮ್ಮೂರ ಕಡೆಯ ಯಾರನ್ನೇ ಕೇಳಿ, ಹಾನಗಲ್ಲ ಅಂದರೆ ವಿರಾಟನಗರ. ಪಾಂಡವರು ಅಜ್ಞಾತವಾಸ ಕಳೆದ ಊರು. ಇದು ನಿಜವೋ ಸುಳ್ಳೋ? ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಭಕ್ತರದ್ದು ‘ಹೌದು, ಪ್ರಶ್ನೆ ಮಾಡಬೇಡ’. ನಮ್ಮಂಥ ಬೆಂಗಳೂರಿನ ಬುದ್ಧಿವಂತರದ್ದು ‘ಛೆ, ಅದೆಲ್ಲ ಕಟ್ಟುಕತೆ’. ಎರಡೂ ಸೋಮಾರಿ ಉತ್ತರಗಳು. ಕದಂಬರ ಒಂದು ಶಾಖೆ ಪಾನುಂಗಲ್ ಐನೂರು ಎಂಬ ನಾಡನ್ನು ಆಳುತ್ತಿದ್ದಾಗಲೇ ಶಾಸನಗಳಲ್ಲಿ ಈ ಊರಿಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರು ಬರುತ್ತದೆ. ಅಂದರೆ ಪಾಂಡವರು ಬಂದರೋ ಇಲ್ಲವೋ, ಹಾಗೆ ನಂಬಿದ, ಹಾಗೆ ಹೇಳಿಕೊಳ್ಳುವುದು ತಮಗೆ ಶೋಭೆ ಎಂದುಕೊಂಡ ಮಂದಿ ಎಂಟುನೂರು ವರ್ಷದ ಹಿಂದೆ ಅಲ್ಲಿ ಇದ್ದರು. ಯಾಕೆ ಹಾಗೆ ಹೇಳಿಕೊಂಡರು? ದೊಡ್ಡ ದೊರೆಗಳ ಮಧ್ಯೆ ಸಿಕ್ಕ ಸಣ್ಣ ಸಾಮಂತರಿಗೆ ಮಹಾಭಾರತದ ಒಂದು ವಿಳಾಸ ಬೇಕಾಗಿತ್ತೇ? ಪಾಠ ಶುರುವಾಗುವುದೇ ಈ ಪ್ರಶ್ನೆಯಿಂದ.

ಅದೇ ಹಾನಗಲ್ಲಿನ ಒಂದು ವೀರಗಲ್ಲು 1196ರ ಸುದ್ದಿ ಹೇಳುತ್ತದೆ. ಹೊಯ್ಸಳ ವೀರಬಲ್ಲಾಳ ದಂಡು ತಂದು ಆನೆಕೆರೆಯ ಹತ್ತಿರ ಬೀಡು ಬಿಟ್ಟ. ಕದಂಬ ಕಾಮದೇವನ ಸೇನಾನಿ ಸೋಹಣಿ ಎದುರು ನಿಂತು ಕಾದಿ ಸತ್ತ. ಬಲ್ಲಾಳ ಸದ್ಯಕ್ಕೆ ಹಿಂದೆ ಸರಿಯಬೇಕಾಯಿತು. ತಾರಕೇಶ್ವರ ಗುಡಿಯ ಆ ಪ್ರಸಿದ್ಧ ಕಮಲದ ಭುವನೇಶ್ವರಿಯ ಕೆಳಗೆ ಕತ್ತೆತ್ತಿ ಫೋಟೋ ತೆಗೆಯುವ ನೂರು ಜನರಲ್ಲಿ ಸೋಹಣಿಯ ಹೆಸರು ಕೇಳಿದವರು ಒಬ್ಬರೂ ಇರಲಿಕ್ಕಿಲ್ಲ. ಕಾಮದೇವನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕನ್ನಡಿಗರಿಗೆ ಮೊದಲು ಅಭಿಮಾನ ಹುಟ್ಟಲಿ, ಪ್ರಶ್ನೆಗಳೆಲ್ಲ ಆಮೇಲೆ ಅಂತ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದದ್ದು ಆ ಕಾರಣಕ್ಕೇ. ಕನ್ನಡಿಗರು ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲ. ಧಾರವಾಡದ ಕಚೇರಿಗಳಲ್ಲಿ ಮರಾಠಿಯದೇ ಜೋರು. ಆಗ ಆ ಪುಸ್ತಕ ಮಾಡಿದ ಕೆಲಸವನ್ನು ಹಗುರವಾಗಿ ಕಾಣುವವನು ನಾನಲ್ಲ. ನಮ್ಮ ಹಾವೇರಿ ಸೀಮೆಯ ಗಳಗನಾಥರೂ ಹಾಗೆಯೇ. ವೃತ್ತಿಯಿಂದ ಶಾಲಾ ಮಾಸ್ತರರು. ಐತಿಹಾಸಿಕ ಕಾದಂಬರಿ ಬರೆದು, ತಾವೇ ಹೊತ್ತು ಊರೂರು ಅಲೆದು ಮಾರಿ, ಜನಕ್ಕೆ ಕನ್ನಡ ಓದುವ ಚಟ ಹಿಡಿಸಿದರು. ಆದರೆ 1917ರಲ್ಲಿ ಔಷಧವಾಗಿದ್ದದ್ದನ್ನು ನೂರು ವರ್ಷ ಊಟದ ಹಾಗೆ ಬಡಿಸುತ್ತಾ ಬಂದಿದ್ದೇವೆ. ರಾಜ್ಯ ಒಂದಾಗಿ ಎಪ್ಪತ್ತು ವರ್ಷವಾಗುತ್ತಾ ಬಂದರೂ ಇತಿಹಾಸ ಅಂದರೆ ನಮಗೆ ಇನ್ನೂ ವೈಭವ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಊರು. ಅಲ್ಲಿ ಈಗ ಹೊಸದಾಗಿ ಕಟ್ಟಿದ ಅರಮನೆ ಇದೆ. ಮಕ್ಕಳು ಟ್ರಿಪ್ಪಿಗೆ ಬರುತ್ತಾರೆ, ಖುಷಿಪಡುತ್ತಾರೆ, ಒಳ್ಳೆಯದೇ. ಆದರೆ ಯಾವುದು ಕನಕದಾಸರ ಕಾಲದ್ದು, ಯಾವುದು ನಮ್ಮ ಕಾಲದ ಸಿಮೆಂಟು ಅಂತ ಆ ಮಕ್ಕಳಿಗೆ ಹೇಳುವ ಒಬ್ಬರು ಜೊತೆಗಿರಬೇಕಲ್ಲ? ಅದೇ ತಾಲೂಕಿನ ಶಿಶುನಾಳದ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಸ್ವಲ್ಪ ಕಾಲ ಮಾಸ್ತರಿಕೆ ಮಾಡಿದವರು. ಅವರ ಹಾಡು ಹಾಡುವ ನಾವು ಅವರ ಈ ನೌಕರಿಯನ್ನು ಯಾವತ್ತೂ ನೆನೆಯುವುದಿಲ್ಲ. ಸಂತರಿಗೆ ಪವಾಡ ಹೊಂದುತ್ತದೆ, ಮಾಸ್ತರಿಕೆ ಹೊಂದುವುದಿಲ್ಲ ನೋಡಿ.

ಈಗ ನನ್ನ ಮುಖ್ಯ ಸಾಕ್ಷಿ, ಹಿರೇಕೆರೂರು ತಾಲೂಕಿನ ಅಬಲೂರು. ಸರ್ವಜ್ಞ ತಮ್ಮವನು ಎಂದು ಹೇಳಿಕೊಳ್ಳುವ ಊರು. ಮಾಸೂರಿನವರು ಇದನ್ನು ಒಪ್ಪುವುದಿಲ್ಲ, ಆ ಜಗಳ ಇಲ್ಲಿ ಬೇಡ. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ದೊಡ್ಡ ಶಾಸನವಿದೆ. ಅದು ಹೇಳುವ ಕತೆ ಇಷ್ಟು. ಆಳಂದೆಯಲ್ಲಿ ಹುಟ್ಟಿದ ರಾಮಯ್ಯ ಎಂಬ ಶಿವಭಕ್ತ, ಏಕಾಂತದ ರಾಮಯ್ಯ, ಅಬಲೂರಿಗೆ ಬಂದ. ಊರಿನ ಜೈನರ ಮುಖಂಡ ಶಂಕಗಾವುಂಡ. ಯಾರ ದೇವರು ದೊಡ್ಡವನು ಅಂತ ವಾದ ಬೆಳೆಯಿತು. ನನ್ನ ತಲೆ ಕಡಿದು ಶಿವನಿಗೆ ಅರ್ಪಿಸುತ್ತೇನೆ, ಅದು ಮರಳಿ ಬಂದರೆ ನೀವು ಜಿನನನ್ನು ತೆಗೆದು ಶಿವನನ್ನು ಸ್ಥಾಪಿಸಬೇಕು ಎಂದು ರಾಮಯ್ಯ ಪಂಥ ಕಟ್ಟಿದ. ಓಲೆಯ ಮೇಲೆ ಕರಾರು ಆಯಿತು. ತಲೆ ಹೋಯಿತು, ಏಳನೆಯ ದಿನ ಬಂತು. ಜೈನರು ಕರಾರಿಗೆ ಒಪ್ಪಲಿಲ್ಲ. ರಾಮಯ್ಯ ಜಿನಬಿಂಬವನ್ನು ಒಡೆದ. ಜೈನರು ಬಿಜ್ಜಳನ ಬಳಿ ದೂರು ಕೊಂಡೊಯ್ದರು. ರಾಮಯ್ಯ ಓಲೆ ತೋರಿಸಿದ, ಬೇಕಾದರೆ ಇನ್ನೊಮ್ಮೆ ತಲೆ ಕೊಡುತ್ತೇನೆ ಅಂದ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ. ಮುಂದೆ ರಾಮಯ್ಯನ ಗುಡಿಗೆ ದತ್ತಿ ಬಿಟ್ಟವರಲ್ಲಿ ಹಾನಗಲ್ಲಿನ ಕಾಮದೇವನೂ ಒಬ್ಬ. ಅದೇ ಕಾಮದೇವ. ಗುಡಿಯಲ್ಲಿ ಈ ಕತೆಯ ಉಬ್ಬುಶಿಲ್ಪಗಳಿವೆ, ಕೆಳಗೆ ಏನಾಗುತ್ತಿದೆ ಅಂತ ಅಕ್ಷರದಲ್ಲಿ ವಿವರಣೆ ಕೂಡ. ಹನ್ನೆರಡನೆಯ ಶತಮಾನದ ಕಾಮಿಕ್ಸ್ ಅಂದರೆ ತಪ್ಪಿಲ್ಲ.

ಈ ಪಾಠವನ್ನು ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮಾಡುವುದು ಎಂದರೇನು, ಸ್ವಲ್ಪ ಯೋಚಿಸಿ. ನಮ್ಮ ಕ್ಲಾಸಿನಲ್ಲಿ ಲಿಂಗಾಯತರ ಹುಡುಗರೇ ಹೆಚ್ಚು, ಮುಸ್ಲಿಮರು ಏಳೆಂಟು ಮಂದಿ, ಜೈನರ ಮನೆಯ ಹುಡುಗಿ ಒಬ್ಬಳು. ಜಾಣ ಮೇಷ್ಟ್ರಾಗಿದ್ದರೆ ಬಿಟ್ಟೇ ಬಿಡುತ್ತಿದ್ದರು. ಪೋರ್ಷನ್‌ಗೆ ಹೇಗೂ ಇಲ್ಲ. ಸರ್ ನಮ್ಮನ್ನು ಟ್ರ್ಯಾಕ್ಸ್ ಮಾಡಿಕೊಂಡು ಅಬಲೂರಿಗೇ ಕರೆದುಕೊಂಡು ಹೋದರು. ಕಲ್ಲಿನ ಮುಂದೆ ನಿಲ್ಲಿಸಿ ಕತೆ ಹೇಳಿದರು. ತಲೆ ಮರಳಿ ಬಂತು ಎನ್ನುವಲ್ಲಿ ದನಿ ಏರಿಸಲೂ ಇಲ್ಲ, ವ್ಯಂಗ್ಯವಾಗಿ ನಗಲೂ ಇಲ್ಲ. ಆಮೇಲೆ ಒಂದೇ ಕೇಳಿದರು: ‘ಈ ಕಲ್ಲ ಬರಸಿದವರು ಯಾರು, ಯಾರ ಸಲುವಾಗಿ ಬರಸಿದ್ರು?’

ಆ ಹುಡುಗಿ ಕ್ಲಾಸಿನಲ್ಲಿ ಮಾತಾಡಿದ್ದೇ ಕಡಿಮೆ. ಅವತ್ತು ಕೇಳಿದಳು: ‘ಸರ್, ಶಂಕಗಾವುಂಡ ಬರಸಿದ್ದ ಕಲ್ಲು ಎಲ್ಲೈತ್ರಿ?’

ಯಾವನೋ ಕಿಸಕ್ಕೆಂದ. ಸರ್ ಅವನ ಕಡೆ ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ‘ಅಂಥಾ ಕಲ್ಲು ಇಲ್ಲವಾ. ಸೋತವ್ರು ಕಲ್ಲ ಬರಸೂದು ಕಡಿಮಿ. ಆದ್ರ ಗೆದ್ದವ್ರ ಕಲ್ಲಿನ್ಯಾಗ ಅವರ ಮಾತು ಎಲ್ಲೆ ಉಳದೈತಿ, ಹುಡುಕು.’ ಹುಡುಕಿದರೆ ಸಿಗುತ್ತದೆ. ಕರಾರಿಗೆ ಅವರು ಒಪ್ಪಲಿಲ್ಲ ಎಂಬ ಸಾಲಿದೆ. ಅರಸನ ಬಳಿ ದೂರಿಗೆ ಹೋದರು ಎಂಬ ಸಾಲಿದೆ. ರಾಮಯ್ಯನನ್ನು ಹೊಗಳಲೆಂದೇ ಕೆತ್ತಿದ ಕಲ್ಲು, ತಮಗೆ ಅನ್ಯಾಯವಾಯಿತು ಎಂದುಕೊಂಡ ಒಂದು ಊರಿನ ಜನ ಇದ್ದರು ಎಂಬುದನ್ನೂ ತನಗೆ ಗೊತ್ತಿಲ್ಲದೆ ದಾಖಲಿಸಿದೆ.

ಇನ್ನೊಂದು ದಾಖಲೆಯನ್ನು ಇದರ ಪಕ್ಕದಲ್ಲಿಡಬೇಕು, ಸರ್ ಇಟ್ಟರು. ಶಿಗ್ಗಾಂವಿ ತಾಲೂಕಿನ ಬಂಕಾಪುರವನ್ನು ಬಿಜಾಪುರದ ಅಲಿ ಆದಿಲ್‌ಶಾಹಿ 1573ರ ಸುಮಾರಿಗೆ ಬಹಳ ದಿನ ಮುತ್ತಿಗೆ ಹಾಕಿ ಗೆದ್ದ. ಕೋಟೆಯೊಳಗಿನ ಒಂದು ಭವ್ಯ ದೇವಾಲಯವನ್ನು ಕೆಡವಿಸಿ ಮಸೀದಿಗೆ ತಾನೇ ಅಡಿಗಲ್ಲು ಇಟ್ಟ ಎಂದು ಫೆರಿಷ್ತಾ ಬರೆದಿದ್ದಾನೆ. ಅವನೂ ದೊರೆಯನ್ನು ಹೊಗಳಲೆಂದೇ ಬರೆದದ್ದು. ನಮ್ಮ ಗ್ರೂಪುಗಳಲ್ಲಿ ಒಬ್ಬರು ಬಂಕಾಪುರದ ಕತೆಯನ್ನಷ್ಟೇ ಕಳಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಅಬಲೂರಿನದ್ದನ್ನಷ್ಟೇ ಕಳಿಸುತ್ತಾರೆ. ಎರಡೂ ನಡೆದದ್ದೇ ಇರಬಹುದು, ಎರಡರಲ್ಲೂ ಬರೆದವನ ಉತ್ಸಾಹ ಬೆರೆತಿರಬಹುದು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸುವವನು, ಎಷ್ಟೇ ಒಳ್ಳೆಯ ಉದ್ದೇಶ ಇಟ್ಟುಕೊಂಡಿರಲಿ, ಮೇಷ್ಟ್ರಾಗಲಾರ. ಸೆಕ್ಯುಲರ್ ಗೆಳೆಯರಿಗೂ ಈ ಮಾತು ಹೇಳಬೇಕಾಗಿದೆ. ಬಂಕಾಪುರವನ್ನು ಪಾಠದಿಂದ ತೆಗೆದರೆ ಅದು ವಾಟ್ಸ್ಯಾಪಿಗೆ ಹೋಗುತ್ತದೆ, ಮತ್ತೆಲ್ಲಿಗೂ ಹೋಗುವುದಿಲ್ಲ.

ಅಬಲೂರಿನ ಕಲ್ಲಿಗೆ ಇನ್ನೊಂದು ಅಧ್ಯಾಯವಿದೆ. ನನಗೆ ತುಂಬ ಇಷ್ಟವಾದದ್ದು ಅದೇ. ಈ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದವನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಅಕ್ಷರ ಓದುವುದರಲ್ಲಿ ಅವನ ಶಿಸ್ತು ದೊಡ್ಡದು. ಬಿಜ್ಜಳನ ಕಾಲದ ಶಿವಭಕ್ತರ ಕತೆ ಹೇಳುವ ಈ ಕಲ್ಲಿನಲ್ಲಿ ಬಸವಣ್ಣನ ಹೆಸರು ಅವನಿಗೆ ಕಾಣಲಿಲ್ಲ. ಬೇರೆ ಶಾಸನಗಳಲ್ಲೂ ಆಗ ಸಿಕ್ಕಿರಲಿಲ್ಲ. ಹಾಗಾದರೆ ಲಿಂಗಾಯತ ಚಳವಳಿಯ ಮೂಲಪುರುಷ ರಾಮಯ್ಯನೇ ಇರಬೇಕು ಎಂಬ ಕಡೆಗೆ ಅವನ ವಾದ ವಾಲಿತು. ಆಮೇಲೆ ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನ ಬೆಳಕಿಗೆ ಬಂತು. ಅದರಲ್ಲಿ ಬಸವಣ್ಣ, ಸಂಗನ ಬಸವ, ಇದ್ದ. ಫ್ಲೀಟ್ ಕಟ್ಟಿದ ವಾದ ಕುಸಿಯಿತು. ಅವನು ಓದಿದ ಶಾಸನದ ಪಾಠ ಮಾತ್ರ ಇವತ್ತಿಗೂ ನಿಂತಿದೆ, ನಾನು ಮೇಲೆ ಹೇಳಿದ ಕತೆಗೂ ಅದೇ ಆಧಾರ. ಕಲ್ಲು ಹೇಳಿದ್ದು ಬೇರೆ, ಅದರಿಂದ ನಾವು ಊಹಿಸಿದ್ದು ಬೇರೆ. ಕಲ್ಲು ಒಬ್ಬನ ಹೆಸರು ಹೇಳಲಿಲ್ಲ ಅಂದಮಾತ್ರಕ್ಕೆ ಅವನು ಇರಲೇ ಇಲ್ಲ ಅಂತ ಆಗುವುದಿಲ್ಲ. ಲಾಗ್ ಫೈಲಿನಲ್ಲಿ ಎರರ್ ಇಲ್ಲ ಅಂದರೆ ಬಗ್ ಇಲ್ಲ ಅಂತಲ್ಲ ಎನ್ನುವುದನ್ನು ನಾವು ಎಷ್ಟು ಪೆಟ್ಟು ತಿಂದು ಕಲಿತಿದ್ದೇವೆ! ಬಸವಣ್ಣನ ಪಾಠ ಹೇಗಿರಬೇಕು ಅಂತ 2022ರಲ್ಲಿ ರಾಜ್ಯವೆಲ್ಲ ಕೂಗಾಡಿತಲ್ಲ, ಆ ಗದ್ದಲದಲ್ಲಿ ಯಾವ ವಾಕ್ಯ ಇರಬೇಕು, ಯಾವುದು ಹೋಗಬೇಕು ಎಂಬುದೇ ಚರ್ಚೆ. ಈ ವಾಕ್ಯ ನಮಗೆ ಎಲ್ಲಿಂದ ಬಂತು ಎಂದು ಒಂದು ಪುಟ ಮಕ್ಕಳಿಗೆ ಕೊಡೋಣ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅರ್ಜುನವಾಡ ಮತ್ತು ಅಬಲೂರನ್ನು ಅಕ್ಕಪಕ್ಕ ಇಟ್ಟ ಆ ಒಂದು ಪುಟ ಹತ್ತು ಪಾಠಗಳ ಕೆಲಸ ಮಾಡುತ್ತಿತ್ತು.

ಮಾರ್ಕ್ ಬ್ಲಾಕ್ ಎಂಬ ಫ್ರೆಂಚ್ ಇತಿಹಾಸಕಾರನಿದ್ದ. ಅವನೂ ಮೇಷ್ಟ್ರು. ಎರಡನೆಯ ಮಹಾಯುದ್ಧದ ನಡುವೆ, ತನ್ನ ಗ್ರಂಥಾಲಯದಿಂದ ದೂರವಾಗಿ, ಇತಿಹಾಸಕಾರನ ಕಸುಬಿನ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದ. ಇತಿಹಾಸದಿಂದ ಏನು ಉಪಯೋಗ ಅಂತ ಒಬ್ಬ ಹುಡುಗ ಅಪ್ಪನನ್ನು ಕೇಳುವ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಪುಸ್ತಕ ಮುಗಿಯಲಿಲ್ಲ. ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕೆ ಸೇರಿದ್ದ ಅವನನ್ನು 1944ರ ಜೂನ್ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಇದನ್ನು ಯಾಕೆ ಹೇಳಿದೆ ಅಂದರೆ, ಉಪಯೋಗದ ಪ್ರಶ್ನೆಯನ್ನು ಅವನು ಬೇಜಾರು ಮಾಡಿಕೊಳ್ಳದೆ ಎತ್ತಿಕೊಂಡ. ನಮ್ಮಲ್ಲಿ ಇತಿಹಾಸದವರು ಆ ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಾರೆ, ಪಾಲಕರು ಉತ್ತರ ಮೊದಲೇ ಗೊತ್ತಿದೆ ಎಂಬಂತೆ ಕೇಳುತ್ತಾರೆ. ‘ಮಗ ಆರ್ಟ್ಸ್ ತಗೊಂಡಾನಂತ’ ಎನ್ನುವುದನ್ನು ನಮ್ಮ ಕಡೆ ಈಗಲೂ ಕಾಯಿಲೆಯ ಸುದ್ದಿ ಹೇಳುವ ದನಿಯಲ್ಲೇ ಹೇಳುತ್ತಾರೆ.

ಇನ್ನು ಮೇಷ್ಟ್ರ ಸ್ಥಿತಿ. ಗಣತಿ ಬಂದರೆ ಅವರು, ಮತದಾರರ ಪಟ್ಟಿ ಬಂದರೆ ಅವರು, ಮೊಟ್ಟೆ–ಬಾಳೆಹಣ್ಣಿನ ಲೆಕ್ಕ ಅವರದ್ದು, ಆನ್‌ಲೈನ್ ಎಂಟ್ರಿ ಅವರದ್ದು. ಗಣಿತದ ಮೇಷ್ಟ್ರನ್ನು ಕಳಿಸಿದರೆ ರಿಸಲ್ಟ್ ಬೀಳುತ್ತದೆ, ಹಾಗಾಗಿ ಸಮಾಜ ವಿಜ್ಞಾನದವರನ್ನು ಕಳಿಸಿ ಎನ್ನುವ ಹೆಡ್‌ಮಾಸ್ತರರನ್ನು ನಾನು ಕಂಡಿದ್ದೇನೆ. ಪಾಪ, ಅವರ ಲೆಕ್ಕ ಅವರಿಗೆ ಸರಿ. ಹುದ್ದೆ ಖಾಲಿಯಾದಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ, ಮಾರ್ಚ್ ತಿಂಗಳಿಗೆ ಅವರ ಆತಿಥ್ಯ ಮುಗಿಯುತ್ತದೆ. ಇಂಥವರ ಕೈಯಲ್ಲಿ ಅಬಲೂರಿನ ಪಾಠ ಮಾಡಿಸಿ ಅನ್ನುವುದು ಸುಲಭ. ಯಾರೋ ಒಬ್ಬ ಪಾಲಕ ವಿಡಿಯೋ ತುಣುಕು ಹರಿಬಿಟ್ಟರೆ ಅವರ ಬೆನ್ನಿಗೆ ನಿಲ್ಲುವವರು ಯಾರು? ನಮ್ಮ ಸರ್‌ಗೆ ಒಂದು ಅನುಕೂಲವಿತ್ತು, ಆಗ ನಮ್ಮ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಕಾರು ಮಾಡಿಕೊಂಡು ಹಂಪಿ, ಬಾದಾಮಿ ವೀಕೆಂಡ್ ಹೋಗುವ ನನ್ನ ಓದುಗರಲ್ಲಿ ಒಂದು ಮಾತು. ನಿಮ್ಮೂರಿನ ಶಾಲೆಗೆ ಕಂಪ್ಯೂಟರ್, ಬೆಂಚು ಕೊಡಿಸುತ್ತೀರಲ್ಲ, ಒಂದು ವರ್ಷ ಬಿಟ್ಟು ನೋಡಿ. ಆ ದುಡ್ಡಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಎರಡು ಟ್ರ್ಯಾಕ್ಸ್ ಬಾಡಿಗೆ ಕೊಡಿ, ತಾಲೂಕಿನ ಶಾಸನಗಳ ಒಂದು ಸಂಪುಟ ಕೊಡಿ. ತಕರಾರು ಬಂದ ದಿನ ಅವರ ಪಕ್ಕ ಹೋಗಿ ನಿಲ್ಲಿ.

ಅಬಲೂರಿನ ಆ ಪ್ರಶ್ನೆಗೆ ಸರ್ ಅಲ್ಲಿಗೇ ಉತ್ತರ ಮುಗಿಸಲಿಲ್ಲ. ಹದಿನೈದು ದಿನದ ಮೇಲೆ ಮತ್ತೆ ಟ್ರ್ಯಾಕ್ಸ್, ಈ ಸಲ ಬಂಕಾಪುರಕ್ಕೆ. ಆ ಹುಡುಗಿಯನ್ನು ಮುಂದೆ ಕೂರಿಸಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರಿನ ಊರು. ಗುಣಭದ್ರರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದು ಇಲ್ಲಿ. ಗಂಗರ ಮಾರಸಿಂಹ ರಾಜ್ಯ ಬಿಟ್ಟು 974ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದೂ ಇಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ. ‘ಶಂಕಗಾವುಂಡಂದು ಕಲ್ಲಿಲ್ಲ, ಆದ್ರ ಅವನ ಮಂದಿ ಈ ಸೀಮ್ಯಾಗ ಎಷ್ಟ ದೊಡ್ಡವ್ರಿದ್ರು ಅನ್ನೂದು ಇಲ್ಲೆ ಕಾಣತೈತಿ’ ಅಂತ ಅವಳಿಗೆ ಹೇಳಿದರು. ಉಳಿದವರು ಆಗಲೇ ಕೋಟೆಯೊಳಗೆ ನವಿಲು ಹುಡುಕಿಕೊಂಡು ಓಡಿದ್ದೆವು. ಆಮೇಲೆ ನಗರೇಶ್ವರ ಗುಡಿಗೆ ಇಳಿದೆವು. ಊರವರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. ಸರ್ ಎಣಿಸಲು ಹಚ್ಚಿದರು. ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ಕೂಡಲಿಲ್ಲ. ಗೋಡೆಗೆ ಅಂಟಿಕೊಂಡ ಅರ್ಧ ಕಂಬವನ್ನು ಹಿಡಿಯಬೇಕೋ ಬಿಡಬೇಕೋ ಎಂದು ಎರಡು ಪಾರ್ಟಿ ಆಗಿ ಜಗಳ ಶುರುವಾಯಿತು. ಸರಿ ಉತ್ತರ ಎಷ್ಟು ಅಂತ ಕೇಳಲು ಹೋದರೆ ಸರ್ ಜಗಲಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು.

‘ಮೊದಲ ಕಂಬ ಅಂದ್ರ ಏನು ಅಂತ ಮಾತಾಡಕೊಂಡ ಬರ್ರಿ’ ಅಂದರು. ‘ಆಮ್ಯಾಲ ಎಣಸೂಣು.’